ಕಂಬದ ಮೇಲಿನ ಪಿಂಗಾಣಿ

ಒಡೆದ ಚೂರಿನೊಳಗೆ ಗುಲಾಬಿ ಬಣ್ಣ ಇಳಿದಿದೆ ಎಂದರೆ ನಾವು ಸೋತೆವು ಅಂತ ಅರ್ಥ. ವಿದ್ಯುತ್ ಕಂಬದ ತುದಿಯಲ್ಲಿ ತಂತಿಯನ್ನು ಹೊತ್ತು ಕೂತಿರುತ್ತದಲ್ಲ, ಆ ಪಿಂಗಾಣಿ, ಅದು ಸರಿಯಾಗಿ ಬೆಂದಿದೆಯೋ ಇಲ್ಲವೋ ನೋಡುವುದು ಹೀಗೆ. ಒಂದನ್ನು ಒಡೆದು, ಚೂರುಗಳನ್ನು ಬಣ್ಣದ ನೀರಿನಲ್ಲಿ ಹಾಕಿ, ಒತ್ತಡ ಕೊಟ್ಟು ಇಡಬೇಕು. ಮರುದಿನ ತೆಗೆದು ಆ ಚೂರನ್ನೇ ಮತ್ತೆ ಒಡೆಯಬೇಕು. ಒಳಗೆ ಬೆಳ್ಳಗಿದ್ದರೆ ಪಾಸು. ಬಣ್ಣ ಕುಡಿದಿದ್ದರೆ ಅದು ಮಳೆಗಾಲದಲ್ಲಿ ನೀರನ್ನೂ ಕುಡಿಯುತ್ತದೆ, ತಂತಿಯ ಕರೆಂಟನ್ನು ಕಂಬಕ್ಕೆ ಇಳಿಸುತ್ತದೆ. ಕಂಬಕ್ಕೆ ಮೈ ತಿಕ್ಕಿದ ಎಮ್ಮೆ ಅಲ್ಲೇ ಬೀಳುತ್ತದೆ. ಮನುಷ್ಯ ಮುಟ್ಟಿದರೂ ಅದೇ ಗತಿ.

ಖಾನಾಪುರದ ನಮ್ಮ ಶೆಡ್ಡಿನಲ್ಲಿ ಮೊದಲ ಸಲ ಒಡೆದ ಚೂರು ಒಳಗೆಲ್ಲ ಸಂತೆಯ ಬತ್ತಾಸಿನಂತೆ ಗುಲಾಬಿಯಾಗಿತ್ತು. ಅದರ ಹಿಂದಿನ ದಿನ ಭಟ್ಟಿ ನೋಡಿಕೊಳ್ಳುವ ಮಾಮಾ ಅದೇ ಪಿಂಗಾಣಿಯ ಒಡಕಿಗೆ ನಾಲಗೆ ಹಚ್ಚಿ, "ಹಿಡಿಯಂಗಿಲ್ರಿ ಸಾಹೇಬ್ರ, ಬೆಂದೈತಿ" ಎಂದು ನಕ್ಕಿದ್ದರು. ಹಸಿ ಮಣ್ಣು ನಾಲಗೆಯನ್ನು ಎಳೆದು ಹಿಡಿಯುತ್ತದೆ, ಬೆಂದದ್ದು ಹಿಡಿಯುವುದಿಲ್ಲ. ಕುಂಬಾರರ ಮನೆಗಳಲ್ಲಿ ಹೀಗೇ ನೋಡುವುದು. ಆದರೆ ಗಡಿಗೆಗೂ ಹಂಚಿಗೂ ಸಾಕಾಗುವ ಆ ಪರೀಕ್ಷೆ ಪಿಂಗಾಣಿಗೆ ಸಾಕಾಗಲಿಲ್ಲ. ಮಾಮಾ ಗುಲಾಬಿ ಚೂರನ್ನು ಹೊರಳಿಸಿ ಹೊರಳಿಸಿ ನೋಡಿದರು. "ಅಯ್ಯ ಶಿವನ, ನನ್ನ ನಾಲಗಿ ಸುಳ್ಳ ಹೇಳ್ತು ನೋಡ್ರಿ" ಎಂದು ಅದನ್ನು ಬುಟ್ಟಿಗೆ ಒಗೆದರು.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪಿಂಗಾಣಿ ಕೆಲಸದಲ್ಲಿ ಡಿಪ್ಲೊಮಾ ಮಾಡಿಕೊಂಡವನು. ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ, ಕೆಲಸ ಖಾನಾಪುರದಲ್ಲಿ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಮಣ್ಣಿನ ಕೆಲಸದವರ ಸಹಕಾರಿ ಸಂಘವೊಂದು ಸರಕಾರದ ಯೋಜನೆಯಲ್ಲಿ ಒಂದು ಭಟ್ಟಿ ಕಟ್ಟಿಸಿಕೊಂಡು, ಇನ್ನು ಹಂಚು ಸಾಕು, ಪಿಂಗಾಣಿ ಮಾಡೋಣ ಎಂದು ಹೊರಟಿತ್ತು. ಅದಕ್ಕೆ ತಾಂತ್ರಿಕ ಮೇಲ್ವಿಚಾರಕ ನಾನು. ಅಧ್ಯಕ್ಷರು ಸೌದೆ ವ್ಯಾಪಾರದ ಮುಸ್ಲಿಂ ಹಿರಿಯರು, ಊರಿಗೆಲ್ಲ ಚಾಚಾ. ಭಟ್ಟಿಗೆ ಬೆಂಕಿ ಇಡುವವರು ಮಾಮಾ. ನನಗೆ ಸಂಬಂಧದಲ್ಲಿ ಮಾಮಾ ಅಲ್ಲ, ಶೆಡ್ಡಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವರೊಂದಿಗೆ ಕನ್ನಡ, ಹಂಚಿನವರೊಂದಿಗೆ ಮರಾಠಿ, ಚಾಚಾರೊಂದಿಗೆ ಎರಡೂ ಕಲಸಿದ ಮಾತು.

ಮಾಮಾ ಹಂಚಿನ ಕಾರ್ಖಾನೆಯ ಖಾಯಂ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಯಾಕೆ ಬಂದಿರಿ ಎಂದು ಕೇಳಿದ್ದೆ.

"ಬೀಡಿ ಊರ ಹಂತೇಕ ನಮ್ಮ ಕೇರಿ ಐತೆಲ್ರಿ. ಅಲ್ಲಿ ಕಂಬಾ ಹುಗದು ಎರಡು ಮಳಿಗಾಲ ಹೋದ್ವು. ತಂತಿ ಇಲ್ಲ. ಯಾಕಂತ ಕೇಳಿದ್ರ ಪಿಂಗಾಣಿ ಬಂದಿಲ್ಲಂತ. ಎಲ್ಲೆಲ್ಲಿಂದೋ ಬರಬೇಕಂತರಿ. ನಾವು ಮಣ್ಣಾಗ ಹುಟ್ಟಿ ಮಣ್ಣಾಗ ಬೆಳದವರು, ನಮ್ಮ ಕೇರಿ ಕಂಬಕ್ಕ ನಾವ ಮಾಡಾಕ ಬರೂದಿಲ್ಲೇನ್ರಿ?"

ಅವರಿಗೆ ಬೇಕಾದದ್ದು ಅಷ್ಟೇ. ತಾವು ಸುಟ್ಟ ಪಿಂಗಾಣಿ ತಮ್ಮ ಕೇರಿಯ ಕಂಬ ಏರಬೇಕು, ತಮ್ಮ ಮನೆಯಲ್ಲಿ ದೀಪ ಹತ್ತಬೇಕು, ಅದನ್ನು ಕಣ್ಣಿಂದ ನೋಡಬೇಕು. ದಿನಾ ಅದೇ ಮಾತು. ಚಾ ಕುಡಿಯುವಾಗಲೂ ಅದೇ.

ಈಗ ಭಟ್ಟಿಯ ಕಷ್ಟ ಹೇಳುತ್ತೇನೆ. ಹಂಚು ಉದಾರ ವಸ್ತು. ಕಾವು ಸ್ವಲ್ಪ ಹೆಚ್ಚಾದರೂ ಕಡಿಮೆಯಾದರೂ ಹಂಚು ಹಂಚೇ. ಪಿಂಗಾಣಿ ಹಾಗಲ್ಲ. ಅದು ಹಂಚಿಗಿಂತ ಬಹಳ ಹೆಚ್ಚಿನ ಕಾವಿನಲ್ಲಿ, ಬಹಳ ಸಣ್ಣ ಅಂತರದಲ್ಲಿ ಹಣ್ಣಾಗುತ್ತದೆ. ಒಂದಿಷ್ಟು ಕಡಿಮೆಯಾದರೆ ಬಣ್ಣ ಕುಡಿಯುತ್ತದೆ, ಒಂದಿಷ್ಟು ಹೆಚ್ಚಾದರೆ ಉಬ್ಬಿ ಕುಸಿದು ಕೂರುತ್ತದೆ. ಅಷ್ಟು ಸಣ್ಣ ಅಂತರವನ್ನು ಹಿಡಿಯಲು ಭಟ್ಟಿಯೊಳಗಿನ ಕಾವನ್ನು ಅಳೆಯಬೇಕು. ಅಳೆಯಲು ನಮ್ಮ ಹತ್ತಿರ ಇದ್ದದ್ದು ಕೋನುಗಳು. ಬೆರಳುದ್ದದ ಮಣ್ಣಿನ ಚೂಪುಗಳು ಅವು, ಗೊತ್ತಾದ ಕಾವಿಗೆ ತಲೆ ಬಾಗಿಸುತ್ತವೆ. ಮೂರನ್ನು ಸಾಲಾಗಿ ನಿಲ್ಲಿಸಿ ಗೋಡೆಯ ಕಿಂಡಿಯಿಂದ ನೋಡುತ್ತಿರಬೇಕು. ಎರಡು ಬಾಗಿ ಮೂರನೆಯದು ನಿಂತಿರುವಾಗ ಬೆಂಕಿ ನಿಲ್ಲಿಸಬೇಕು.

ಆ ಕೋನುಗಳು ದೂರದ ರಾಜ್ಯದಿಂದ ರೈಲು ಪಾರ್ಸಲ್ಲಿನಲ್ಲಿ ಬರುತ್ತಿದ್ದವು. ಅರ್ಧ ಪುಡಿಯಾಗಿರುತ್ತಿದ್ದವು. ಉಳಿದವನ್ನು ನಾವು ತುಪ್ಪದಂತೆ ಕಾಪಾಡಿ, ಒಂದು ಭಟ್ಟಿಗೆ ಒಂದೇ ಸಾಲು ಇಡುತ್ತಿದ್ದೆವು. ಒಂದು ಸಾಲು ಒಂದು ಮೂಲೆಯ ಸುದ್ದಿ ಹೇಳುತ್ತದೆ. ಭಟ್ಟಿಗೆ ನಾಲ್ಕು ಮೂಲೆ.

ಇದಕ್ಕೆಲ್ಲ ಉತ್ತರ ಒಂದು ಮೀಟರು. ಎರಡು ಬೆಲೆಬಾಳುವ ತಂತಿಗಳ ತುದಿ ಸೇರಿಸಿ ಭಟ್ಟಿಯೊಳಗೆ ಇಳಿಬಿಟ್ಟರೆ ಹೊರಗೆ ಮುಳ್ಳು ಕಾವು ತೋರಿಸುತ್ತದೆ. ಆ ತಂತಿ ಆಗ ನಮ್ಮ ದೇಶದಲ್ಲಿ ತಯಾರಾಗುತ್ತಿರಲಿಲ್ಲ. ಆಮದು ಪರವಾನಿಗೆಗೆ ಅರ್ಜಿ ಹಾಕಿದೆವು. ಇಂಥದು ದೇಶದಲ್ಲೇ ಸಿದ್ಧವಾಗಿದೆ, ಆದ್ದರಿಂದ ಆಮದಿಗೆ ಅವಕಾಶವಿಲ್ಲ ಎಂಬ ಉತ್ತರ ಬಂತು. ಭಲೇ, ಎಲ್ಲಿ ಸಿದ್ಧವಾಗಿದೆ ಎಂದು ಹುಡುಕಿದರೆ, ಒಂದು ರಾಷ್ಟ್ರೀಯ ಪ್ರಯೋಗಾಲಯದವರು ಮಾಡಿದ್ದು ನಿಜ. ಮಾಡಿದ್ದು ಒಂದೇ ಒಂದು! ತಯಾರಿಸಿ ಮಾರುವ ಹಕ್ಕನ್ನು ಯಾವುದೋ ಕಂಪನಿಗೆ ಕೊಟ್ಟಿದ್ದರು, ಆ ಕಂಪನಿ ಇನ್ನೂ ಶೆಡ್ಡಿಗೆ ತಗಡು ಹಾಕಿರಲಿಲ್ಲ.

ಚಾಚಾ ಗಡ್ಡ ಕೆರೆದುಕೊಂಡರು. "ಅಂದ್ರ ಖರೇನೂ ಐತಿ, ಕೈಗೆ ಸಿಗೂದೂ ಇಲ್ಲ. ಇದೇನ್ ತಮಾಷೆ ಮಿಯ್ಯಾ?"

ನಾನು ಸಿಟ್ಟಿನ ಮನುಷ್ಯ. ಬೆಳಗಾವಿಯ ಕಚೇರಿಗಳಲ್ಲಿ ಮೇಜು ಗುದ್ದಿ ಬಂದೆ. ಮೇಜಿನ ಆಚೆ ಕೂತವರು ಕೆಟ್ಟವರೇನಲ್ಲ, ಅವರವರ ಕಾಗದ ಅವರವರಿಗೆ ಸರಿಯಾಗಿಯೇ ಇತ್ತು. ಹೊರಗೆ ಬಂದಾಗ ಕೈ ನೋಯುತ್ತಿತ್ತು, ಅಷ್ಟೇ ಸಿಕ್ಕಿದ್ದು.

ಎರಡನೆಯ ಭಟ್ಟಿ ಉಲ್ಟಾ ಆಯಿತು. ಕೋನು ಇದ್ದ ಮೂಲೆ ಸರಿಯಿತ್ತು, ಎದುರಿನ ಮೂಲೆಯಲ್ಲಿ ಕಾವು ಹೆಚ್ಚಾಗಿ ಪಿಂಗಾಣಿಗಳೆಲ್ಲ ಕುಸಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತಿಗೆಯಿಂದ ಬಡಿದು ಬಿಡಿಸಬೇಕಾಯಿತು. ಮಧ್ಯಾಹ್ನ ಚಾಚಾ ಎಲ್ಲರನ್ನೂ ಶೆಡ್ಡಿನ ಮುಂದಿನ ಹುಣಸೆ ಮರದ ಕೆಳಗೆ ಕೂಡಿಸಿದರು.

ಮೀಟರು ಬರುವ ತನಕ ಭಟ್ಟಿ ನಿಲ್ಲಿಸೋಣ, ಗಡಿಗೆ, ಹಂಚು ಮಾಡಿಕೊಂಡಿರೋಣ ಎಂದೆ ನಾನು. ವಿದ್ಯುತ್ ಮಂಡಳಿಯ ಖರೀದಿ ಕಚೇರಿಗೆ ಮಾದರಿ ಕೊಡುವ ಗಡುವು ಬೇಸಿಗೆಗೆ ಮುಗಿಯುತ್ತದೆ, ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ ಎಂದರು ಚಾಚಾ. ಎರಡೂ ನಿಜವೇ.

ಮಾಮಾ ಎದ್ದು ನಿಂತರು. "ಮೀಟರ್ ಇಲ್ಲಂದ್ರ ಏನಾತ್ರಿ? ಕೋನು ಒಂದ ಮೂಲಿ ನೋಡ್ಲಿ. ಉಳದ ಮೂರು ಕಿಂಡಿ ನಾ ನೋಡತೀನಿ. ಕೋನು ಬಾಗೂ ಹೊತ್ತಿನ್ಯಾಗ ಅಲ್ಲಿ ಬೆಂಕಿ ಬಣ್ಣಾ ಹೆಂಗಿರತೈತೋ ಕಲತಗೊಂಡ್ರ, ಅದ ಬಣ್ಣಾ ಎಲ್ಲಾ ಕಿಂಡ್ಯಾಗೂ ತರಬೇಕು. ಅಷ್ಟ."

"ಆ ಬಿಳುಪು ನೋಡಿದ್ರ ಕಣ್ಣ ಹೋಗ್ತಾವ, ಮಾಮಾ. ನೀಲಿ ಗಾಜ ಹಿಡದ ನೋಡ್ಬೇಕು" ಎಂದೆ.

"ಹಿಡೀತೇನ್ ತಗೋರಿ" ಎಂದರು. ಚಾಚಾ ಹೂಂ ಅಂದರು. ಅಲ್ಲಿಗೆ ತೀರ್ಮಾನವಾಯಿತು.

ಗಾಜನ್ನು ಅವರು ಹಿಡಿದದ್ದು ಒಂದೇ ದಿನ. ಅದರಿಂದ ನೋಡಿದರೆ ಎಲ್ಲ ನೇರಳೆಯಾಗಿ ಕಾಣುತ್ತದೆ, ಹುಡುಗತನದಿಂದ ಕಲಿತ ಕೆಂಪು, ಹಳದಿ, ಬೆಳ್ಳನೆಯ ಲೆಕ್ಕವೆಲ್ಲ ಕೆಡುತ್ತದೆ ಎಂದು ಅದನ್ನು ಗೂಡಿನಲ್ಲಿಟ್ಟರು. ಅದಕ್ಕಿಂತ ದೊಡ್ಡ ಅಡ್ಡಿ ಮನೆತನದ ರೂಢಿ. ಅವರ ಮನೆಯಲ್ಲಿ ಭಟ್ಟಿಗೆ ಬೆಂಕಿ ಇಟ್ಟವನು ಕೊನೆಗೆ ಅದರ ಒಲೆಬಾಯಿ ಮುಚ್ಚುವ ತನಕ ತಲೆಯ ರುಮಾಲು ತೆಗೆದಿಡಬೇಕು, ಮುಖಕ್ಕೆ ಏನನ್ನೂ ಅಡ್ಡ ಹಿಡಿಯಬಾರದು. "ಬೆಂಕಿಗಿ ಮಾರಿ ಮರಿ ಮಾಡಬಾರದ್ರಿ. ಅದು ನಮ್ಮನ್ನ ನೋಡಬೇಕು, ನಾವು ಅದನ್ನ ನೋಡಬೇಕು." ನಾನು ಬೈದೆ. ಬೈದರೆ ನಗುತ್ತಿದ್ದರು. ನಾನೇ ಗಾಜು ಹಿಡಿದು ಪಾಳಿ ನೋಡಿದೆ, ನನಗೆ ಎಲ್ಲ ಕಿಂಡಿಯೂ ಒಂದೇ ಥರ ಕಂಡಿತು. ಆ ಬಣ್ಣ ಓದಲು ನನಗೆ ಬರುವುದಿಲ್ಲ ಅಂದರೆ ಬರುವುದಿಲ್ಲ.

ಚಳಿಗಾಲವೆಲ್ಲ ಹೀಗೇ ಹೋಯಿತು. ಭಟ್ಟಿ ತುಂಬುವುದು, ಬಾಯಿ ಕಟ್ಟುವುದು, ಮೆಲ್ಲಗೆ ಕಾವು ಏರಿಸುವುದು, ಕೊನೆಯ ಹೊತ್ತಿಗೆ ಮಾಮಾ ಕಿಂಡಿಯಿಂದ ಕಿಂಡಿಗೆ ಓಡಾಡುವುದು. "ಈ ಬಾಜು ಎರಡ ಕಟಗಿ ಒಗೀರಿ", "ಆ ಬಾಗಲಾ ತುಸು ಮುಚ್ಚರಿ" ಎಂದು ಕೂಗುವುದು. ಭಟ್ಟಿ ಆರಿದ ಮೇಲೆ ತೆಗೆದು, ಒಡೆದು, ಬಣ್ಣದ ನೀರಿಗೆ ಹಾಕುವುದು. ಸಲ ಸಲಕ್ಕೂ ಗುಲಾಬಿ ಕಡಿಮೆಯಾಗುತ್ತ ಬಂತು. ಮೊದಲು ಪೂರಾ, ಆಮೇಲೆ ಅಂಚಿಗೆ, ಆಮೇಲೆ ಹಿಂದಿನ ಎಡ ಮೂಲೆಯ ಮಾಲಿಗೆ ಮಾತ್ರ.

ಅದರ ಜೊತೆಗೇ ಮಾಮಾರ ಕಣ್ಣಲ್ಲಿ ನೀರು ಸುರಿಯತೊಡಗಿತು. ಹೊಗೆಗೆ ಅಂದರು. ಒಂದು ದಿನ ಚಾದ ಬಸಿ ಕೊಟ್ಟರೆ ಅದರ ಬಾಜುವಿಗೆ ಕೈ ಚಾಚಿದರು. ನಾನು ನೋಡಿದೆ ಅಂತ ಗೊತ್ತಾಗಿ, "ಬಿಸಿ ಅದನೋ ಏನೋ ಅಂತ ನೋಡ್ದೆ" ಎಂದರು. ಅವರ ಹೆಂಡತಿ ಬುತ್ತಿ ತರುತ್ತಿದ್ದರು, ನಾನು ಅತ್ತಿ ಅನ್ನುತ್ತಿದ್ದೆ. ಅತ್ತಿ ನನ್ನನ್ನು ಹೊರಗೆ ಕರೆದು, "ಮನ್ಯಾಗ ಹೊಸ್ತಿಲಾ ಎಡವ್ತಾರ್ರಿ. ಹೇಳಿದ್ರ ಬೈತಾರ. ನೀವರ ಹೇಳ್ರಿ, ನಿಮ್ಮ ಮಾತ ಕೇಳ್ತಾರ" ಎಂದರು. ಹೇಳಿದೆ. ಚಾಚಾ ಕೈಯಲ್ಲೂ ಹೇಳಿಸಿದೆ. "ಇದೊಂದು ಭಟ್ಟಿ ಆಗ್ಲಿ ತಡೀರಿ, ಆಮ್ಯಾಲ ಡಾಕ್ಟರ್ ಕಡೆ ಹೋಗೂಣು" ಎಂಬುದೇ ಉತ್ತರ. ಮುಂದಿನ ಭಟ್ಟಿಗೂ ಅದೇ ಉತ್ತರ.

ಬಿಸಿಲು ಏರುವ ಹೊತ್ತಿಗೆ ಒಂದು ಭಟ್ಟಿ ಪಾಸಾಯಿತು. ನಾಲ್ಕೂ ಮೂಲೆಯಿಂದ ಎತ್ತಿ ಒಡೆದೆವು. ಬೆಳ್ಳಗೆ, ಎಲ್ಲ ಬೆಳ್ಳಗೆ! ಚಾಚಾ ಪೇಡೆ ತರಿಸಿದರು. ಹಂಚಿನ ಕಡೆಯ ಹೆಂಗಸರೆಲ್ಲ ಬಂದು ಚೂರುಗಳನ್ನು ಕೈಯಲ್ಲಿ ಹಿಡಿದು ನೋಡಿದರು. ಮಾಮಾ ಒಂದು ಚೂರನ್ನು ಕಣ್ಣಿಗೆ ತೀರ ಹತ್ತಿರ ತಂದು, ಬಿಸಿಲಿಗೆ ತಿರುಗಿಸಿ, ನನ್ನ ಕೈಗೆ ಕೊಟ್ಟರು. "ಬಿಳೇದ ಐತೆಲ್ರಿ?"

"ಹಾಲಿನಂಗ ಐತಿ, ಮಾಮಾ."

"ಹಂಗಾದ್ರ ಆತು." ಭಟ್ಟಿಯ ಉರಿಯೊಂದು ಬಿಟ್ಟರೆ ಅವರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ ಅಂತ ನನಗೆ ಖಾತ್ರಿಯಾದದ್ದು ಅವತ್ತು.

ಮರುವಾರವೇ ಬೆಳಗಾವಿಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ಕಿಟಕಿ ಕಡೆ ಕೂರಿಸಿದರೆ, "ನೀವ ಕುಂದರ್ರಿ, ನಾ ಏನ್ ನೋಡೂದೈತಿ" ಎಂದುಬಿಟ್ಟರು. ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿ, ಕೈ ತೊಳೆದುಕೊಂಡು, ನನಗೆ ಬೇರೆಯಾಗಿ ಹೇಳಿದರು. ಮುಂದಿನ ಪೊರೆ ತೆಗೆಯಬಹುದು, ಹಿಂದಿನ ಪರದೆ ಬೆಂದುಹೋಗಿದೆ, ಅದಕ್ಕೆ ಔಷಧವಿಲ್ಲ, ಬೆಳಕು ನೆರಳು ಗೊತ್ತಾದರೆ ಅದೇ ಹೆಚ್ಚು. ಹೊರಗೆ ಬೆಂಚಿನ ಮೇಲೆ ರುಮಾಲು ಸರಿಮಾಡಿಕೊಳ್ಳುತ್ತ ಕೂತಿದ್ದ ಮಾಮಾರಿಗೆ ನಾನು ಅದನ್ನು ಹೇಳಬೇಕಾಯಿತು. ಕೇಳಿಕೊಂಡರು. ಆಮೇಲೆ, "ಮಾದರಿ ಕಳಿಸಿದ್ರೇನ್ರಿ?" ಎಂದು ಕೇಳಿದರು.

ಕಳಿಸಿದ್ದೆವು. ದೂರದ ಪರೀಕ್ಷಾ ಕೇಂದ್ರದಲ್ಲಿ ಸರದಿ ಕಾದು, ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿ ಸರ್ಟಿಫಿಕೇಟು ಬಂತು. ಅದನ್ನು ಹಿಡಿದು ಚಾಚಾ, ನಾನು ಖರೀದಿ ಕಚೇರಿಗೆ ಹೋದೆವು. ಅಲ್ಲಿಯ ಎಂಜಿನಿಯರು ಖುಷಿಯಿಂದಲೇ ಓದಿದರು. ಓದಿ, ಕನ್ನಡಕ ತೆಗೆದಿಟ್ಟರು.

"ಮಾಲು ಛಲೋ ಐತ್ರಿ, ನಾ ಇಲ್ಲನ್ನೂದಿಲ್ಲ. ಆದ್ರ ಈ ವರ್ಷದಿಂದ ನಿಯಮ ಬದಲಾಗೇದ. ಮಾಲು ಕೊಡೋರ ಹತ್ರ ಸ್ವಂತ ಪರೀಕ್ಷಾ ಶಾಲಿ ಇರಬೇಕು, ಹಿಂದ ಮಾಲು ಕೊಟ್ಟ ಅನುಭವ ಇರಬೇಕು."

"ನೀವು ತಗೊಂಡ್ರ ತಾನೇ ಅನುಭವ ಆಗೂದು?" ನನ್ನ ದನಿ ಏರಿತ್ತು.

"ನನಗೂ ತಿಳೀತದ್ರಿ. ನಿಯಮ ನಾ ಮಾಡಿಲ್ಲ." ಆಮೇಲೆ ಅವರೇ ತಗ್ಗಿದ ದನಿಯಲ್ಲಿ ಹೇಳಿದರು. ಹೊರದೇಶದವರ ಸಹಯೋಗದಲ್ಲಿ ಒಂದು ದೊಡ್ಡ ಕಾರ್ಖಾನೆ ಏಳುತ್ತಿದೆ. ಭಟ್ಟಿ, ಮೀಟರು, ಪರೀಕ್ಷಾ ಶಾಲೆ, ಎಲ್ಲ ಒಂದೇ ಪರವಾನಿಗೆಯಲ್ಲಿ ಹಡಗಿನಲ್ಲಿ ಬರುತ್ತಿವೆ. ಇನ್ನು ಮಾಲು ಅಲ್ಲಿಂದಲೇ.

ಮೆಟ್ಟಿಲಿಳಿಯುವಾಗ ನನಗೆ ನಗು ಬಂತು, ಅಳುವಂಥ ನಗು. ಒಂದು ಇಡೀ ಕಾರ್ಖಾನೆಯನ್ನು ಹೊರಗಿನಿಂದ ತರಲು ಈ ದೇಶದಲ್ಲಿ ದಾರಿ ಇತ್ತು, ಮೊಳದುದ್ದದ ತಂತಿ ತರಲು ಇರಲಿಲ್ಲ. ಚಾಚಾ ಛತ್ರಿಯನ್ನು ನೆಲಕ್ಕೆ ಊರಿ ನಿಂತರು. "ಅವನಿಗೆ ಏನ್ ಹೇಳೂದು?" ಎಂದರು. ಅವನು ಅಂದರೆ ಮಾಮಾ.

ಸಂಘ ಪಿಂಗಾಣಿಯ ಆಸೆ ಬಿಡುವ ಮೊದಲು ಇನ್ನೊಂದು ಸಂಗತಿ ನಡೆಯಿತು. ನಾನು ಬೇಸರದಲ್ಲಿ ಆ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಬೈದು ಕಾಗದ ಹಾಕಿದ್ದೆ. ಉತ್ತರ ಬರಲಿಲ್ಲ, ಮನುಷ್ಯರೇ ಬಂದರು. ಮೀಟರು ಮಾಡಿದ ವಿಜ್ಞಾನಿ, ಹೆಗಲಿಗೆ ಚೀಲ, ಚೀಲದಲ್ಲಿ ಅವರು ಮಾಡಿದ ಆ ಒಂದೇ ಮೀಟರು, ಟವೆಲ್ಲಿನಲ್ಲಿ ಸುತ್ತಿದ್ದು. ರಜೆ ಹಾಕಿ ಸ್ವಂತ ಖರ್ಚಿನಲ್ಲಿ ಬಂದಿದ್ದರು. ನಮ್ಮಂಥ ಭಟ್ಟಿ ಇದೆ ಅಂತಲೇ ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಿದರೆ ಆ ಮೀಟರನ್ನು ಹೊತ್ತು ಬರುವವರೊಬ್ಬರು ಅಲ್ಲಿದ್ದಾರೆ ಅಂತ ನಮಗೂ ಮೊದಲೇ ಯಾರೂ ಹೇಳಿರಲಿಲ್ಲ. ಉಳಿದಿದ್ದ ಹಸಿ ಮಾಲು ತುಂಬಿ ಒಂದು ಭಟ್ಟಿ ಹಚ್ಚಿದೆವು. ಒಂದೊಂದು ಮೂಲೆಗೂ ತಂತಿ ಬಿಟ್ಟು ಮುಳ್ಳು ನೋಡಿದರು. ಹಿಂದಿನ ಎಡ ಮೂಲೆ ಯಾವಾಗಲೂ ಹಿಂದೆ ಬೀಳುತ್ತಿತ್ತು. ಹೊಗೆ ದಾರಿಯಲ್ಲಿ ಎರಡು ಇಟ್ಟಿಗೆ ಅಡ್ಡ ಇದ್ದವು, ಭಟ್ಟಿ ಆರಿದ ಮೇಲೆ ಅವನ್ನು ತೆಗೆಸಿ ಎಂದರು. ಒಂದು ಚಳಿಗಾಲ ಪೂರ್ತಿ ನಾವು ಹುಡುಕಿದ್ದು ಅವರಿಗೆ ಒಂದೇ ಭಟ್ಟಿಯಲ್ಲಿ ಸಿಕ್ಕಿತು.

ಮಾಮಾ ದೂರದ ಕಟ್ಟೆಯ ಮೇಲೆ ಕೂತಿದ್ದರು. ವಿಜ್ಞಾನಿ ಅವರ ಬಳಿ ಹೋಗಿ ನಮಸ್ಕಾರ ಮಾಡಿದರು, ನಮಸ್ಕಾರ ಕಾಣಲಿಲ್ಲ ಅಂತ ತಿಳಿದು ಕೈ ಹಿಡಿದುಕೊಂಡರು. ಅವರಿಗೆ ಕನ್ನಡ ಬಾರದು. ಹಿಂದಿಯಲ್ಲಿ, "ಒಂದು ವರ್ಷ ಮೊದಲು ಬರಬೇಕಿತ್ತು" ಎಂದರು. ಚಾಚಾ ಅದನ್ನು ಕನ್ನಡದಲ್ಲಿ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು.

ನಾನು ಆಮೇಲೆ ಬೆಳಗಾವಿಯ ಫೌಂಡ್ರಿಯೊಂದಕ್ಕೆ ಸೇರಿದೆ. ದೇಶ ಮುಂದೆ ಬರುವುದು ಹೇಗೆ ಅಂತ ದೊಡ್ಡವರು ಭಾಷಣ ಮಾಡುವುದನ್ನು ಕೇಳುವಾಗ ನನಗೆ ಹುಣಸೆ ಮರದ ಕೆಳಗಿನ ಆ ಮಧ್ಯಾಹ್ನವೇ ನೆನಪಾಗುತ್ತದೆ. ನಮ್ಮಲ್ಲಿ ಮಣ್ಣಿತ್ತು, ಕೈಯಿತ್ತು, ಪ್ರಯೋಗಾಲಯವಿತ್ತು, ಪರೀಕ್ಷಾ ಕೇಂದ್ರವಿತ್ತು, ಕೊಳ್ಳುವ ಕಚೇರಿಯೂ ಇತ್ತು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕಾಲುದಾರಿ ಮಾತ್ರ ಇರಲಿಲ್ಲ. ಆ ದಾರಿ ಇಲ್ಲದ ಕಡೆ ಯಾರೋ ಒಬ್ಬರು ಮೈ ಒಡ್ಡಿ ನಿಲ್ಲಬೇಕಾಗುತ್ತದೆ. ಇಷ್ಟು ಹೇಳಿದರೆ ಸಾಕು, ಹೆಚ್ಚು ಹೇಳಿದರೆ ಸಿಟ್ಟು ಬರುತ್ತದೆ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅತ್ತಿ ಹೇಳಿ ಕಳಿಸಿದರು. ಕೇರಿಗೆ ಲೈಟು ಬರುತ್ತದೆ, ಬರಬೇಕು. ಬಸ್ಸು ಹಿಡಿದು ಬೀಡಿಗೆ ಹೋಗಿ, ಅಲ್ಲಿಂದ ನಡೆದೆ. ಕಂಬಗಳ ಮೇಲೆ ತಂತಿ ಎಳೆದಿತ್ತು. ಪಿಂಗಾಣಿಗಳು ಬಿಳಿಯವು. ನಮ್ಮವು ಒಳಗೆ ಬೆಳ್ಳಗಿದ್ದರೂ ಹೊರಗೆ ಕಂದು ಬಣ್ಣದವು.

ಮಾಮಾ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಹೆಜ್ಜೆ ಗುರುತು ಹಿಡಿದು, "ಬರ್ರಿ ಸಾಹೇಬ್ರ, ಕುಂದರ್ರಿ" ಎಂದರು. ಅವರ ತೊಡೆಯ ಮೇಲೆ ಒಂದು ಪಿಂಗಾಣಿ ಇತ್ತು. ಲೈನ್‌ಮನ್ ಹತ್ತಿರ ಬೇಡಿ ಇಸಿದುಕೊಂಡದ್ದಂತೆ, ಅಂಚು ಒಡೆದದ್ದು. ಬಣ್ಣ ಅವರಿಗೆ ಕಾಣುವಂತಿರಲಿಲ್ಲ. ಕಂಬದ ಕಬ್ಬಿಣದ ಗೂಟಕ್ಕೆ ತಿರುಗಿಸಿ ಕೂರಿಸುವ ಒಳಗಿನ ಸುರುಳಿಯ ಮೇಲೆ ಬೆರಳಾಡಿಸಿದರು.

"ನಮ್ಮದಲ್ಲ."

"ಅಲ್ಲ, ಮಾಮಾ."

ಉಗುರಿನಿಂದ ಬಾರಿಸಿ ಕಿವಿಗೆ ಹಿಡಿದರು. ಒಡೆದ ಅಂಚಿಗೆ ನಾಲಗೆ ಹಚ್ಚಿದರು. ಅದು ಸುಳ್ಳು ಹೇಳುತ್ತದೆ ಅಂತ ಗೊತ್ತಿದ್ದೂ ಹಚ್ಚಿದರು. "ಛಲೋ ಸುಟ್ಟಾರ. ಯಾರ ಸುಟ್ಟಾರೋ, ಭಾಳ ಛಲೋ ಸುಟ್ಟಾರ." ಅದನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಕೇಳಿದರು. "ಅಲ್ಲಿ ಭಟ್ಟಿ ನೋಡಾವನ ಕಣ್ಣ ನೆಟ್ಟಗ ಅದಾವೇನ್ರಿ?"

"ಅಲ್ಲಿ ಯಾರೂ ನೋಡೂದಿಲ್ಲ ಮಾಮಾ. ಮೀಟರ್ ನೋಡತೈತಿ."

"ಹಂಗಾದ್ರ ಪಾಡ ಆತು" ಎಂದರು. ಒಳ್ಳೆಯದಾಯಿತು ಅಂತ ಖರೇನೇ ಹೇಳಿದರು, ಆ ದನಿಯಲ್ಲಿ ಕೊಂಕು ಇರಲಿಲ್ಲ.

ಹೊತ್ತು ಮುಳುಗುವ ಸುಮಾರಿಗೆ ಕೇರಿಯ ಆ ತುದಿಯಿಂದ ಕೂಗು ಎದ್ದಿತು. ಒಳಗಿನಿಂದ ಅತ್ತಿ, "ಬಂತು, ಬಂತು!" ಎಂದರು. ಪಡಸಾಲೆಯ ಬಲ್ಬು ಹತ್ತಿತ್ತು. ಮಾಮಾ ಗೋಡೆ ಹಿಡಿದು ಒಳಗೆ ಬಂದು ಅದರ ಕೆಳಗೆ ನಿಂತರು. ಭಟ್ಟಿಯ ಮುಂದೆ ಮಾಡುತ್ತಿದ್ದಂತೆ ತಲೆಯ ರುಮಾಲು ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಮುಖ ಎತ್ತಿದರು, ಆದರೆ ಗೋಡೆಯ ಕಡೆ. ಅತ್ತಿ ಅವರ ಗದ್ದ ಹಿಡಿದು ಬಲ್ಬಿನ ಕಡೆ ತಿರುಗಿಸಿದರು.